ಆರಾದ ಮೇಲೆ ಮತ್ತೊಂದು

ನನ್ನ ಚಿಕ್ಕಮ್ಮನ ಮಾತಿಗೆ ನೂರಕ್ಕೆ ನಲವತ್ತೊಂದು ಅಂಕ ಕೊಟ್ಟ ಯಂತ್ರದ ಎದುರು ನಾನು ದಿನಕ್ಕೆ ಎಂಟು ಗಂಟೆ ಕೂರುತ್ತಿದ್ದೆ. ಅದೇ ನನ್ನ ನೌಕರಿ. ಆ ನಲವತ್ತೊಂದು ಪರದೆಯ ಮೂಲೆಯಲ್ಲಿ ಕಂಡಾಗಲೆಲ್ಲ ಅಂಗಾಲಿನಲ್ಲಿ ಮುಳ್ಳು ಮುರಿದ ಹಾಗಾಗುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕಿಟಕಿಯಲ್ಲಿ ನಿಂತು ಅಳಿವೆ ನೋಡುವುದು, ಮತ್ತೆ ಬಂದು ಕೂರುವುದು.

"ಒಂದು ಕಡೆ ಕೂರೋದೇ ಇಲ್ವಲ್ಲ ವಾರಿಜಾ ನೀವು!" ಎಂದು ಅನಿರುದ್ಧ ಮೂರ್ತಿಯವರು ನಗುತ್ತಿದ್ದರು. ನಿಯಂತ್ರಣ ಕೊಠಡಿಯ ಮುಖ್ಯಸ್ಥರು ಅವರು; ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರಿಗೆ ಎಲ್ಲವೂ ಗೊತ್ತಿರಬೇಕೆಂದೇನಿಲ್ಲವಲ್ಲ.

ಕೋಡಿಹೊಳೆ ಕಣಿವೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಅಕ್ಕಿ ಕೇರುವ ಮೊರವನ್ನು ಸಮುದ್ರದ ಕಡೆ ವಾಲಿಸಿ ಇಟ್ಟರೆ ಹೇಗೋ ಹಾಗಿದೆ ಅದು. ಮೂರು ಕಡೆ ಅಂಚು, ಒಂದು ಕಡೆ ಬಾಯಿ. ಮೂಡು ದಿಕ್ಕಿಗೆ ಘಟ್ಟ ಗೋಡೆಯಾಗಿ ನಿಂತಿದೆ. ಕಡಲಿನಿಂದ ಬಂದ ಮೋಡ ಆ ಗೋಡೆಗೆ ತಾಗಿ ಸುರಿದರೆ, ಆ ನೀರು ಐದೇ ಗಂಟೆಯಲ್ಲಿ ಮೂವತ್ತೊಂದು ಕಿಲೋಮೀಟರ್ ಓಡಿ ಅಳಿವೆಗೆ ಬರುತ್ತದೆ. ಆಗ ಸಮುದ್ರದಲ್ಲಿ ಇಳಿತವಿದ್ದರೆ ಬಚಾವು. ಉಬ್ಬರವಿದ್ದರೆ ಹೊಳೆಯ ನೀರು, ಕಡಲ ನೀರು ಎರಡೂ ಬಾಯಲ್ಲಿ ಎದುರುಬದುರಾಗಿ ನಿಂತು ಜಗಳಕ್ಕೆ ಬೀಳುತ್ತವೆ. ಮೊರದೊಳಗೆ ಇರುವವರು ಹದಿನೆಂಟು ಸಾವಿರದ ಆರುನೂರ ನಲವತ್ತು ಜನ. ಅವರಲ್ಲಿ ಮುನ್ನೂರ ಹನ್ನೆರಡು ಮಂದಿ ಇರುವುದು ಸರಿಯಾಗಿ ಮೊರದ ತುದಿಯಲ್ಲಿ, ಹಾಡಿಕುದ್ರು ಎಂಬ ನಡುಗಡ್ಡೆಯ ಮೇಲೆ. ನಾನು ಹುಟ್ಟಿದ್ದೂ ಅಲ್ಲೇ.

ಅಜ್ಜಿಯ ಕಾಲಕ್ಕಿಂತ ಸಮುದ್ರ ಈಗ ಎರಡು ಗೇಣು ಮೇಲೆ ಬಂದಿದೆ. ಅದಕ್ಕೇ ಅಳಿವೆಗೆ ಹದಿನಾಲ್ಕು ಉಕ್ಕಿನ ಕದಗಳನ್ನು ಕಟ್ಟಿದರು. ಉಬ್ಬರ ಹೆಚ್ಚಾದರೆ ಕದ ಮುಚ್ಚಿ ಕಡಲನ್ನು ಆಚೆ ನಿಲ್ಲಿಸಬೇಕು. ಕೇಳಲು ಸುಲಭ. ಆದರೆ ಕದ ಮುಚ್ಚಿದರೆ ಹೊಳೆಯ ನೀರೂ ಒಳಗೇ ನಿಲ್ಲುತ್ತದೆ. ಅರ್ಧ ಗಂಟೆ ಬೇಗ ಮುಚ್ಚಿದರೆ ಹೊಳೆಯ ಮೇಲ್ಗಡೆ ಇರುವ ಕೆಳಪೇಟೆಯ ನಾಲ್ಕು ಸಾವಿರ ಜನರ ಮನೆಗೆ ನೀರು. ಅರ್ಧ ಗಂಟೆ ತಡವಾದರೆ ಕುದ್ರು ಹೋಯಿತು.

ಹಾಗಾಗಿ ನೀರಿನ ಅಳತೆ ನಿಮಿಷ ನಿಮಿಷಕ್ಕೆ ಬೇಕು. ಮೊದಲ ವರ್ಷ ಹೊಳೆಯ ತಳಕ್ಕೆ ಇಪ್ಪತ್ತಮೂರು ಅಳತೆಯಂತ್ರ ಇಳಿಸಿದರು. ಒಂದೇ ಮಳೆಗಾಲದಲ್ಲಿ ಹತ್ತೊಂಬತ್ತು ಸತ್ತವು. ಉಪ್ಪು, ಕೆಸರು, ಅದರ ಮೇಲೆ ಕಲ್ಲಿನಂತೆ ಅಂಟಿಕೊಳ್ಳುವ ಚಿಪ್ಪು. ಆಗ ಅನಿರುದ್ಧರಿಗೆ ಒಂದು ಯೋಚನೆ ಹೊಳೆಯಿತು. ಈ ಕಣಿವೆಯ ಜನ ತಲೆತಲಾಂತರದಿಂದ ನೀರು ಅಳೆಯುತ್ತಲೇ ಇದ್ದಾರೆ. ಅವರ ಬಾಯಿಂದಲೇ ಕೇಳಿ ಕಲಿಯುವ ಯಂತ್ರವೊಂದನ್ನು ಮಾಡಿದರೆ?

ಮಾಡಿದರು. ಒಂಬತ್ತು ಕಡವುಗಳಲ್ಲಿ, ಅಂದರೆ ದೋಣಿ ತಾಗುವ ಕಡೆಗಳಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಬಿದಿರು ಗಳ ಕೊಟ್ಟರು. ಗಳದ ಮೇಲೆ ಗೇಣಿಗೊಂದು ಗೀರು. ಅರ್ಧ ಗಂಟೆಗೊಮ್ಮೆ ಗಳವನ್ನು ಕಡವಿನ ಬುಡದ ಕಲ್ಲಿಗೆ ಮುಟ್ಟಿಸಿ, ಎತ್ತಿ, ಒದ್ದೆಯಾದ ಗೀರುಗಳನ್ನು ಎಣಿಸಿ ರೇಡಿಯೋದಲ್ಲಿ ಹೇಳಬೇಕು. ಯಂತ್ರಕ್ಕೆ ಯಾರೂ ಭಾಷೆ ಕಲಿಸಲಿಲ್ಲ. ಮೂರು ವರ್ಷ ಅದು ಜನರ ಮಾತು ಕೇಳಿತು. ಯಾವ ಸದ್ದಿನ ಹಿಂದೆ ಯಾವ ಸದ್ದು ಬರುತ್ತದೆ, ಆಮೇಲೆ ನೀರು ಏನು ಮಾಡುತ್ತದೆ ಎಂದು ತಾನೇ ಹೊಂದಿಸಿಕೊಂಡಿತು. ಹೇಳುವವರು ಎಷ್ಟು ನಂಬಿಕಸ್ಥರು ಎಂದು ಅಂಕವನ್ನೂ ಹಾಕತೊಡಗಿತು. ಎಲ್ಲರನ್ನೂ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತದೆಂದು ಜನ ಅದಕ್ಕೆ "ಶಾನುಭೋಗ" ಎಂದು ಹೆಸರಿಟ್ಟರು.

ಕುದ್ರಿನ ಕಡವಿನಲ್ಲಿ ಆರು ಗೀರು ಅಂದರೆ ಎಚ್ಚರ. ಏಳು ಅಂದರೆ ಶಾನುಭೋಗ ಕದ ಮುಚ್ಚಲು ಶುರು ಮಾಡುತ್ತದೆ, ಮತ್ತು ಕುದ್ರಿನ ನಾಲ್ಕು ಮೈಕುಗಳಲ್ಲಿ ಆ ಅಳತೆಯನ್ನು ಅಳೆದವರ ದನಿಯಲ್ಲೇ ಕೂಗಿಸುತ್ತದೆ. ಸೈರನ್ನಿಗೆ ಜನ ಏಳುವುದಿಲ್ಲ, ಗುರುತಿನವರ ದನಿಗೆ ಏಳುತ್ತಾರೆ ಎಂಬುದು ಅನಿರುದ್ಧರ ಲೆಕ್ಕ. ಎಂಟು ಅಂದರೆ ನೀರು ಅಂಗಳದಲ್ಲಿ.

ಕುದ್ರಿನ ಗಳ ಹಿಡಿದವರು ನನ್ನ ಚಿಕ್ಕಮ್ಮ, ಅಕ್ಕಣಿ ಪೂಜಾರ್ತಿ. ಅವರ ಅಂಕವೇ ನಲವತ್ತೊಂದು.

"ನೋಡಿ, ನೀರು ಆರರ ಮೇಲೆ ಹೋದ ಮೂರು ಸಲವೂ ಇವರ ಎಣಿಕೆ ತಪ್ಪಿದೆ," ಎಂದರು ಅನಿರುದ್ಧರು ಒಂದು ಶನಿವಾರ. "ಆ ಮೂರು ಸಲವೂ ಪುಣ್ಯಕ್ಕೆ ಇಳಿತ ಶುರುವಾಗಿತ್ತು, ಬಚಾವಾದ್ವಿ. ಮುಂದಿನ ತಿಂಗಳಿಂದ ಕುದ್ರಿನ ಅಳತೆ ಕೈಬಿಡೋಣ. ಉಳಿದ ಎಂಟು ಕಡವು ನೋಡಿ ಯಂತ್ರವೇ ಅಂದಾಜು ಮಾಡುತ್ತೆ. ನೀವೇ ಹೇಳಿಬಿಡಿ ಅವರಿಗೆ. ನಾನು ಹೇಳಿದ್ರೆ ನೊಂದ್ಕೋತಾರೆ."

ನಾನು ಹೇಳಿದರೆ ನೋಯುವುದಿಲ್ಲವೇನೋ!

ಮರುದಿನ ದೋಣಿ ಹತ್ತಿ ಕುದ್ರಿಗೆ ಹೋದೆ. ಚಿಕ್ಕಿ ಜಗಲಿಯಲ್ಲಿ ಕೂತು ಕಳಸಿಗೆಯಲ್ಲಿ ಭತ್ತ ಅಳೆಯುತ್ತಿದ್ದರು. ಪಕ್ಕದಲ್ಲಿ ಹುಲ್ಲಿನ ಹಗ್ಗ ಸುತ್ತಿ ಕಟ್ಟಿದ ಭತ್ತದ ತಿರಿ, ಗಂಡಸಿನ ಎತ್ತರಕ್ಕೆ. ಕಡಲು ಇಷ್ಟು ಹತ್ತಿರ ಬಂದ ಮೇಲೂ ಕುದ್ರಿನಲ್ಲಿ ಭತ್ತ ಬೆಳೆಯುತ್ತಿದ್ದ ಏಳೆಂಟು ಮನೆಗಳಲ್ಲಿ ಅವರದ್ದೂ ಒಂದು. ನನ್ನನ್ನು ಕಂಡವರೇ ಒಳಗೆ ಹೋಗಿ ಗಂಜಿ, ಒಣ ಸಿಗಡಿ ಚಟ್ನಿ ತಂದಿಟ್ಟರು.

"ಉಣ್ಣ್ ಹೆಣೆ ಮೊದ್ಲ್. ಮೋರಿ ಎಂತಕ್ಕೆ ಹಾಂಗ್ ಬಾಡಿತ್ತ್?"

ಉಣ್ಣುತ್ತ ಉಣ್ಣುತ್ತ ನಲವತ್ತೊಂದರ ಸಂಗತಿ ಹೇಳಿದೆ.

"ನಲವತ್ತೊಂದಾ? ಅದೆಂತ, ನನ್ನ್ ವಯಸ್ಸಾ?" ಎಂದು ನಕ್ಕರು. ಅವರಿಗೆ ಅರವತ್ತಮೂರು.

"ಅಂಕ ಚಿಕ್ಕಿ. ನಿಮ್ಮ್ ಅಳತಿ ತಪ್ಪ್ ಅಂದ್ಹೇಳಿ ಶಾನುಭೋಗ ಹೇಳ್ತಿತ್ತ್."

ಚಿಕ್ಕಿಯ ನಗು ನಿಂತಿತು. "ಹದ್ನಾರ್ ವರ್ಷಕ್ಕೆ ಕಳಸಿಗೆ ಹಿಡ್ದ್ ಕೈ ಇದ್. ಒಡೇರ ಅಂಗಳದಂಗ್ ರಾಶಿ ರಾಶಿ ಭತ್ತ ಅಳ್ದ್ ಕೊಟ್ಟಿದೆ. ಒಂದ್ ದಿನ ಒಬ್ರ್ ಹೆಚ್ಚಾಯ್ತ್, ಕಡ್ಮಿ ಆಯ್ತ್ ಅಂದ್ಹೇಳ್ಲಿಲ್ಲೆ. ಆ ಶಾನುಭೋಗಂಗೆ ಕೆಮಿ ಕೇಂತಿಲ್ಲೆ, ಅಷ್ಟೇ."

ಕಿವಿ ಕೇಳುವುದೊಂದೇ ಅದಕ್ಕೆ ಬರುವ ಕೆಲಸ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ತಿಂಗಳ ಕೊನೆಗೆ ಗಳ ಕಸಿದುಕೊಳ್ಳುತ್ತಾರೆಂಬುದನ್ನೂ ಹೇಳಲಿಲ್ಲ. ನನ್ನ ಬಟ್ಟಲು ಬರಿದಾದದ್ದನ್ನು ನೋಡಿ ಚಿಕ್ಕಿ, "ಆಯ್ತಾ? ಕೈ ತೊಳಿ," ಎಂದರು. ಉಣ್ಣಲು ಕೂತವರಿಗೆ "ಏಳು" ಎನ್ನಬಾರದೆಂಬುದು ನಮ್ಮ ಮನೆಗಳ ಹಳೆಯ ನೇಮ. ಶತ್ರುವಿಗೂ ಹಾಗನ್ನುವುದಿಲ್ಲ.

ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ಮತ್ತೆ ಅಳತೆಗೆ ಕೂತಿದ್ದರು. ಕಳಸಿಗೆ ತುಂಬುವುದು, ಬೆರಳಿಂದ ಬಾಯಿ ಸವರುವುದು, ಬುಟ್ಟಿಗೆ ಸುರಿಯುವುದು. "ಲಾಭ... ಎರಡ್... ಮೂರ್... ನಾಕ್... ಐದ್... ಆರ್... ಮತ್ತೊಂದ್... ಎಂಟ್..." ಈ ಲೆಕ್ಕ ಕೇಳುತ್ತಲೇ ನಾನು ತೊಟ್ಟಿಲಲ್ಲಿ ನಿದ್ದೆ ಹೋದವಳು. ಅದರಲ್ಲಿ ಹೊಸದಾಗಿ ಕೇಳುವಂಥದ್ದೇನೂ ನನಗೆ ಕಾಣಲಿಲ್ಲ. ದೋಣಿಯಲ್ಲಿ ವಾಪಸು ಬರುವಾಗ ಮಾತ್ರ ಏನೋ ಮರೆತು ಬಂದ ಹಾಗೆ ಎರಡೆರಡು ಸಲ ಚೀಲ ತಡಕಿದೆ.

ಹನ್ನೊಂದು ದಿನ ಕಳೆದು ಆಸಾಡಿ ಅಮಾಸೆ ಬಂತು. ಬೆಳಗಿನಿಂದ ಘಟ್ಟದ ಮೇಲೆ ಮುನ್ನೂರ ಹತ್ತು ಮಿಲಿಮೀಟರ್ ಮಳೆ. ಅಮಾಸೆಯ ದೊಡ್ಡ ಉಬ್ಬರ ಮಧ್ಯಾಹ್ನ ಮೂರು ನಲವತ್ತಕ್ಕೆ. ಎರಡೂ ಒಟ್ಟಿಗೆ ಬಂದು ಬೀಳುವ ದಿನ, ಎಲ್ಲರೂ ಹೆದರಿದ್ದ ದಿನ.

ಎರಡು ಗಂಟೆಗೆ ಪರದೆಯ ಮೇಲೆ ಬಂತು: "ಕುದ್ರು: ೬."

ಎರಡೂವರೆಗೆ: "ಕುದ್ರು: ೬. ಸ್ಥಿರ."

"ನೋಡಿದ್ರಾ, ನಿಂತಿದೆ," ಎಂದು ಅನಿರುದ್ಧರು ಚಹಾ ಲೋಟ ತೆಗೆದುಕೊಂಡರು.

ನಾನು ಕಿಟಕಿಗೆ ಹೋದೆ. ಅಳಿವೆಯ ಅಂಚಿನ ಉಪ್ಪುನೀರಿನ ಕಾಂಡ್ಲಾ ಗಿಡಗಳ ಕೆಳಗಿನ ಕೊಂಬೆಗಳು ಸ್ವಲ್ಪ ಹೊತ್ತಿನ ಮೊದಲು ಕಾಣುತ್ತಿದ್ದವು, ಈಗ ಇಲ್ಲ. ಕಣ್ಣಿಗೆ ಕಂಡದ್ದು ಒಂದು, ಪರದೆ ಹೇಳುವುದು ಇನ್ನೊಂದು. ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ಚಿಕ್ಕಿಯ ಎರಡೂವರೆಯ ದನಿಯನ್ನೇ ಕೇಳಿದೆ.

"ಲಾಭ, ಎರಡ್, ಮೂರ್, ನಾಕ್, ಐದ್, ಆರ್, ಮತ್ತೊಂದ್."

ಸರಿಯಾಗೇ ಇತ್ತು. ಏಳು ಗೀರು. ಹಾಗಾದರೆ ಪರದೆಯ ಮೇಲೆ ಆರು ಯಾಕೆ?

ಇನ್ನೊಮ್ಮೆ ಕೇಳಿದೆ. ಈ ಸಲ ಕುದ್ರಿನ ಹುಡುಗಿಯಾಗಿ ಅಲ್ಲ, ಶಾನುಭೋಗನಾಗಿ. ಆರು. ಮತ್ತೊಂದು. ಮತ್ತೊಂದು ಅಂದರೆ? ಮತ್ತೊಂದು ಚಹಾ, ಮತ್ತೊಂದು ಸಲ. ಆರು, ಮತ್ತೊಂದು ಸಲ ಆರು.

ಹೆಡ್‌ಫೋನ್ ಕಿತ್ತಿಟ್ಟೆ. ನಮ್ಮಲ್ಲಿ ಅಳೆಯುವಾಗ ಒಂದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಏಳಕ್ಕೆ ಏಳು ಎನ್ನುವುದಿಲ್ಲ. ಭತ್ತದ ರಾಶಿಯ ಮುಂದೆ ಕೂತು "ಏಳು" ಅಂದರೆ ಮನೆಯ ಲಕ್ಷ್ಮಿಗೆ ಎದ್ದು ಹೋಗು ಅಂದ ಹಾಗೆ. ಅದಕ್ಕೇ ಮತ್ತೊಂದು. ಲಾಭ ಅಂದರೆ ಒಂದು ಎಂಬುದು ಶಾನುಭೋಗನಿಗೆ ತಿಳಿದಿತ್ತು, ಎಣಿಕೆ ಯಾವಾಗಲೂ ಅಲ್ಲಿಂದಲೇ ಶುರುವಾಗುತ್ತಿತ್ತಲ್ಲ. ಆದರೆ ಕುದ್ರಿನಲ್ಲಿ ನೀರು ಏಳಕ್ಕೆ ಬಂದದ್ದು ಮೂರೇ ಸಲ. ಆ ಮೂರು ಸಲವೂ ಅದು "ಆರು" ಎಂದೇ ಬರೆದುಕೊಂಡಿತು; ಆಮೇಲೆ ಎಂಟು ಬಂದಾಗ, ಮುದುಕಿ ನಡುವೆ ಒಂದನ್ನು ಹಾರಿಸಿದಳು ಎಂದು ಎಣಿಕೆಯನ್ನೇ ಕಸದ ಬುಟ್ಟಿಗೆ ಹಾಕಿ ಅಂಕ ಇಳಿಸಿತು. ಉಳಿದ ಕಡವುಗಳಲ್ಲಿ ಗಳ ಹಿಡಿದವರು ಶಾಲೆ ಮಾಸ್ತರರು, ಅಂಗಡಿಯವರು. ಅವರು ಏಳಕ್ಕೆ ಏಳೆಂದೇ ಹೇಳುತ್ತಿದ್ದರು.

ಇಷ್ಟಾದರೂ ಹೇಳದೆ ಬಿಡಬಹುದಾದ ಒಂದು ಸಂಗತಿ ಇದೆ. ಹೇಳಿಯೇ ಬಿಡುತ್ತೇನೆ. ಶಾನುಭೋಗ ಕೇಳಲು ಶುರುಮಾಡಿದ ಮೊದಲ ವರ್ಷ ಆ ದನಿಗಳನ್ನೆಲ್ಲ ಕೇಳಿ, ಯಂತ್ರ ಬರೆದದ್ದು ಸರಿಯೇ ಎಂದು ನೋಡುವ ಕೆಲಸ ನನ್ನದಾಗಿತ್ತು. "ಆರು, ಮತ್ತೊಂದು" ಎಂದು ಅದು ಬರೆದಿತ್ತು, ಚಿಕ್ಕಿ ಅಂದದ್ದೂ ಅದನ್ನೇ. ನಾನು "ಸರಿ" ಎಂದು ಗುರುತು ಹಾಕಿದೆ. ನನ್ನ ಕಿವಿಗೆ ಮತ್ತೊಂದು ಅಂದರೆ ಏಳೇ ಆಗಿತ್ತು. ಬೇರೆಯವರ ಕಿವಿಗೆ ಅಲ್ಲ ಎಂದು ಹೊಳೆಯಲೇ ಇಲ್ಲ. ಹೊರಗಿನವರಾಗಿದ್ದರೆ, ಇದೆಂಥ ಲೆಕ್ಕ ಎಂದು ಕೇಳಿಯಾದರೂ ಕೇಳುತ್ತಿದ್ದರು. ಮನೆಯವಳಾಗಿ ನಾನು ಕೇಳಲಿಲ್ಲ.

"ಸರ್, ಅದು ಏಳು! ನೀರು ಏಳಕ್ಕೆ ಬಂದು ಹದಿಮೂರು ನಿಮಿಷ ಆಯಿತು!"

ಅನಿರುದ್ಧರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಕೊಠಡಿಯಲ್ಲಿ ಕೂತವರು ತಾವೇ ಅಳತೆ ಬರೆಯುವ ಹಾಗಿರಲಿಲ್ಲ. ಯಾರೂ ಕೂತಲ್ಲೇ ಸುಳ್ಳು ಅಳತೆ ಹಾಕಬಾರದೆಂದು ಆ ಬೀಗ ಹಾಕಿದ್ದು ಸ್ವತಃ ಅವರೇ. ಕದಗಳನ್ನು ಕೈಯಿಂದ ಮುಚ್ಚಲು ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಅವರು ಫೋನ್ ಮಾಡಿದರು. ಅತ್ತ ಗಂಟೆ ಹೊಡೆಯುತ್ತಲೇ ಇತ್ತು.

"ಅವರ ಬಾಯಲ್ಲೇ ಬರಬೇಕು," ಎಂದರು ಫೋನ್ ಕಿವಿಗೆ ಒತ್ತಿಕೊಂಡೇ. "ಏಳು ಅಂತ ಹೇಳಿಸಿ. ಎಂಟು ಅಂದ್ರೆ ಒಪ್ಪಲ್ಲ, ಆರರಿಂದ ಹಾರಿತು ಅನ್ನುತ್ತೆ. ಕದ ಮುಚ್ಚೋಕೆ ಇಪ್ಪತ್ತೆರಡು ನಿಮಿಷ ಬೇಕು ವಾರಿಜಾ, ಬೇಗ!"

ರೇಡಿಯೋ ಹಿಡಿದೆ. "ಚಿಕ್ಕಿ! ಗಳ ಇಳ್ಸಿ, ಈಗ್ಲೇ."

"ಇಳ್ಸಿದೆ ಮಾರಾಯ್ತಿ, ಮತ್ತೊಂದ್ ದಾಟಿ ಎಂಟ್ರ್ ಬುಡಕ್ಕೆ ಬಂತ್. ನಿನ್ನ್ ಶಾನುಭೋಗ ಎಂತಕ್ಕೆ ಕೂಗ್ತಿಲ್ಲೆ? ನಾ ಮನಿಮನಿಗ್ ಹೋಯಿ ಹೇಳ್ದೆ. ಅಮಾಸಿ ಊಟಕ್ಕೆ ಕೂತಿದ್ರ್ ಎಲ್ಲ. ಮೈಕ್ ಕೂಗ್ಲಿಲ್ಲೆ ಅಲ್ದಾ, ಉಂಡ್ಕಂಡ್ ಕಾಂಬ ಅಂತ್ರ್."

"ಚಿಕ್ಕಿ, ಅದಕ್ಕೆ ಮತ್ತೊಂದ್ ಅಂದ್ರ್ ತಿಳಿತಿಲ್ಲೆ. ಆರಾದ್ಮೇಲೆ ಬಪ್ಪುದ್ರ ಹೆಸ್ರ್ ಹೇಳ್ಕ್."

ಅತ್ತಲಿಂದ ಮಳೆಯ ಸದ್ದು ಮಾತ್ರ ಬಂತು.

"ಚಿಕ್ಕಿ!"

"ಎಂತ ಹೇಳ್ತೆ ಹೆಣೆ ನೀನ್?" ಚಿಕ್ಕಿಯ ದನಿ ತಗ್ಗಿತ್ತು. "ಅಮಾಸಿ ದಿನ. ಊರಿಗ್ ಊರೇ ಬಾಳಿ ಎಲೆ ಮುಂದೆ ಕೂತಿತ್ತ್. ಮನಿಯಂಗ್ ಭತ್ತದ ತಿರಿ ಇತ್ತ್. ನಿಂತದ್ದ್ ಈ ಮಣ್ಣಿನ್ ಮೇಲೆ. ನನ್ನ್ ಬಾಯಂಗ್ ಆ ಮಾತ್ ಬಪ್ಪುದಾ? ನಿನ್ನ್ ಅಜ್ಜಿ ಸಾಯು ಹೊತ್ತಿಗೂ ಹೇಳ್ಲಿಲ್ಲೆ."

"ನೀವ್ ಹೇಳದಿದ್ರೆ ಕದ ಬೀಳುದಿಲ್ಲೆ ಚಿಕ್ಕಿ. ತಪ್ಪೆಲ್ಲ ನಂದ್, ಪಾಪ ಇದ್ರೆ ಅದೂ ನಂಗೇ ಇರ್ಲಿ. ಹೇಳಿ." ನಾನು ಅಳುತ್ತಿದ್ದೆ. ಅನಿರುದ್ಧರ ಎದುರು ಅಳುತ್ತಿದ್ದೇನೆಂಬ ನಾಚಿಕೆಯೂ ಇರಲಿಲ್ಲ.

ಗಳವನ್ನು ನೀರಿಗೆ ಇಳಿಸಿದ ಸದ್ದು. ಕಲ್ಲಿಗೆ ತಾಗಿದ ಸದ್ದು. ಆಮೇಲೆ ಚಿಕ್ಕಿ ಎಣಿಸತೊಡಗಿದರು, ಯಾವತ್ತಿನ ಹಾಗೇ, ಅವಸರವಿಲ್ಲದೆ, ಒಂದೂ ಬಿಡದೆ.

"ಲಾಭ. ಎರಡ್. ಮೂರ್. ನಾಕ್. ಐದ್. ಆರ್."

ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಏಳ್!"

ಅದು ಎಣಿಕೆಯ ದನಿಯಾಗಿರಲಿಲ್ಲ. ಅರವತ್ತಮೂರು ವರ್ಷ ನುಂಗಿ ಇಟ್ಟುಕೊಂಡದ್ದು ಒಂದೇ ಸಲ ಹೊರಬಿದ್ದಿತ್ತು.

ಪರದೆ ಕಣ್ಣು ಮಿಟುಕಿಸಿತು. "ಕುದ್ರು: ೭. ಸ್ವೀಕರಿಸಲಾಗಿದೆ." ಕಟ್ಟಡದ ಬುಡದಲ್ಲಿ ಹದಿನಾಲ್ಕು ಕದಗಳ ಮೋಟಾರು ಗುಡುಗಿತು. ಅದೇ ಹೊತ್ತಿಗೆ ಅಳಿವೆಯ ಆಚೆಯಿಂದ, ಮಳೆಯನ್ನು ಸೀಳಿಕೊಂಡು, ನಾಲ್ಕು ಮೈಕುಗಳಲ್ಲಿ ಚಿಕ್ಕಿಯ ದನಿ ಬಂತು. ಶಾನುಭೋಗ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. "ಏಳ್! ಏಳ್! ಏಳ್!"

ಆಗ ಕುದ್ರಿನಲ್ಲಿ ಏನಾಯಿತೆಂದು ಆಮೇಲೆ ಹತ್ತಾರು ಜನ ಹೇಳಿದರು, ಎಲ್ಲರೂ ಒಂದೇ ಥರ ಹೇಳಿದರು. ಸೈರನ್ ಅಲ್ಲ, ಏಳು ಗೀರು ಎಂಬ ಲೆಕ್ಕವೂ ಅಲ್ಲ. ಎಲೆಯ ಮುಂದೆ ಕೂತಿದ್ದವರಿಗೆ ಅಕ್ಕಣಿ ಪೂಜಾರ್ತಿ "ಏಳ್" ಅಂದಿದ್ದಳು. ಅಕ್ಕಣಿ! ಅವಳ ಬಾಯಲ್ಲಿ ಆ ಮಾತು ಬಂತೆಂದರೆ ಇನ್ನು ಕೂರುವುದೆಲ್ಲಿ? ಕೇಳುವುದೇನು? ಮುನ್ನೂರ ಹನ್ನೆರಡು ಜನ ಎದ್ದರು. ಕೈಯಲ್ಲಿ ಅನ್ನ ಹಾಗೇ ಇತ್ತು. ಮಕ್ಕಳನ್ನು ಸೊಂಟಕ್ಕೆ, ಮುದುಕರನ್ನು ಬೆನ್ನಿಗೆ ಹಾಕಿಕೊಂಡು, ಹನ್ನೊಂದು ದೋಣಿಗಳಲ್ಲಿ ಐದೈದು ಸಲ ಹೋಗಿ ಬಂದು ದಡ ಸೇರಿದರು. ಕೊನೆಯ ದೋಣಿಯಲ್ಲಿ ಚಿಕ್ಕಿ, ಗಳ ಹಿಡಿದುಕೊಂಡು.

ಕದಗಳು ಪೂರ್ತಿ ಮುಚ್ಚಿದಾಗ ಮೂರು ಗಂಟೆ ಒಂಬತ್ತು ನಿಮಿಷ. ಕೆಳಪೇಟೆ ಉಳಿಯಿತು. ಕದದ ಒಳಗೆ ಬಂದಾಗಿದ್ದ ಕಡಲು ಹೊಳೆಯ ನೀರಿನೊಡನೆ ಸೇರಿ ಒಂಬತ್ತನೆಯ ಗೀರಿನವರೆಗೆ ಏರಿ, ಕುದ್ರಿನ ಮೇಲೆ ಎರಡು ದಿನ ನಿಂತಿತು. ಒಬ್ಬರೂ ಸಾಯಲಿಲ್ಲ. ತಿರಿಯ ಭತ್ತ ಮೊಳೆತು ನಾರಿತು. ಗದ್ದೆಗೆ ಹೊಕ್ಕ ಉಪ್ಪು ಇನ್ನು ಹತ್ತು ಮಳೆಗಾಲ ಬಂದರೂ ತೊಳೆದು ಹೋಗುವುದಿಲ್ಲವೆಂದು ಮಣ್ಣು ಪರೀಕ್ಷೆ ಮಾಡಿದವರು ಹೇಳಿದರು. ಒಂದೊಂದೇ ಮನೆಯವರು ಗುಡ್ಡದ ಮೇಲೆ ಕಟ್ಟಿಕೊಟ್ಟ ಸಾಲುಮನೆಗಳಿಗೆ ಬಂದರು. ಈಗ ಶಾನುಭೋಗನ ಪುಟದಲ್ಲಿ ಕಣಿವೆಯ ಜನಸಂಖ್ಯೆ ಅಷ್ಟೇ ಇದೆ, ಹದಿನೆಂಟು ಸಾವಿರದ ಆರುನೂರ ನಲವತ್ತು. ಕುದ್ರಿನ ಮುಂದೆ ಮಾತ್ರ ಸೊನ್ನೆ.

ಚಿಕ್ಕಿಯ ಅಂಕ ಈಗ ತೊಂಬತ್ತೆಂಟು. "ಮತ್ತೊಂದು" ಅಂದರೆ ಏಳು ಎಂದು ಯಂತ್ರಕ್ಕೆ ನಾನೇ ಕೂತು ಕಲಿಸಿದೆ. ಅನಿರುದ್ಧರು ಪ್ರತಿ ಕಡವಿಗೂ ಹೋಗಿ, ನೆಲದ ಮೇಲೆ ಕೂತು, ನಿಮ್ಮಲ್ಲಿ ಹೇಗೆ ಎಣಿಸುತ್ತೀರಿ ಎಂದು ಕೇಳಿ ಬಂದರು. ಅಳೆಯುವುದಕ್ಕೆ ಚಿಕ್ಕಿಗೆ ಕಡವೇ ಉಳಿದಿರಲಿಲ್ಲ, ಅಷ್ಟೇ.

ಮೊನ್ನೆ ಹೋದಾಗ ಸಾಲುಮನೆಯ ಸಣ್ಣ ಜಗಲಿಯಲ್ಲಿ ಕೂತು ರೇಷನ್ ಅಕ್ಕಿ ಅಳೆಯುತ್ತಿದ್ದರು. ಕಳಸಿಗೆಯೊಂದನ್ನು ಹೇಗೋ ಉಳಿಸಿಕೊಂಡಿದ್ದರು. ನಾನು ಎದುರಿಗೆ ಬಟ್ಟಲು ಹಿಡಿದು ಕೂತಿದ್ದೆ. ಒಂದು ವರ್ಷದಿಂದ ಆ ದಿನದ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

"ಲಾಭ... ಎರಡ್... ಮೂರ್... ನಾಕ್... ಐದ್... ಆರ್..."

ಚಿಕ್ಕಿಯ ಕೈ ತಡೆಯಿತು. ಮೈಯೆಲ್ಲ ಕಿವಿಯಾಗಿ ಕಾದೆ.

"ಮತ್ತೊಂದ್," ಎಂದು ಸುರಿದರು.

ನನಗೆ ತಡೆಯಲಾಗಲಿಲ್ಲ. "ಇನ್ನ್ ಆ ಮಾತ್ ಹೇಳುಕ್ ಆತ್ತಲೆ ಚಿಕ್ಕಿ. ಎದ್ದ್ ಹೋಪುಕೆ ಎಂತ ಉಳ್ದಿತ್ತ್ ಇಲ್ಲ್?"

ಚಿಕ್ಕಿ ತಲೆ ಎತ್ತಿ ನನ್ನನ್ನೂ ನನ್ನ ಕೈಯ ಬಟ್ಟಲನ್ನೂ ನೋಡಿದರು.

"ನೀ ಕೂತ್ಕಂಡಿದ್ಯಲೆ," ಎಂದು ಹೇಳಿ, ಕಳಸಿಗೆ ತುಂಬಿದರು. "ಎಂಟ್."